ಪ್ರೀಪೇಯ್ಡ್ ಎಪಿಎನ್ ಶಾಸನ: ಪಾಠ, ಛಂದಸ್ಸು, ವ್ಯಾಖ್ಯಾನ

ಪೀಠಿಕೆ

ಕನ್ನಡ ನಾಡಿನ ಕಲ್ಬರಹ, ತಾಮ್ರಪಟ, ವೀರಗಲ್ಲುಗಳ ಬಗ್ಗೆ ವಿಪುಲ ಸಂಶೋಧನೆ ನಡೆದಿದೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದರು. ಆದರೆ ನಮ್ಮ ಕಾಲದ್ದೇ ಒಂದು ಶಾಸನವನ್ನು ವಿದ್ವಾಂಸರು ಕಣ್ಣೆತ್ತಿಯೂ ನೋಡಿಲ್ಲ. ಕರೆನ್ಸಿ ಹಾಕಿಸಿದ ಮೊಬೈಲಿಗೆ ಕಂಪನಿಯಿಂದ ಬರುತ್ತಿದ್ದ, ಬಹಳ ಸಲ ಬಾರದೆಯೇ ಇರುತ್ತಿದ್ದ ‘ಇಂಟರ್ನೆಟ್ ಸೆಟ್ಟಿಂಗ್’ ಅದು. ಈ ಕೊರತೆಯನ್ನು ತುಂಬುವ ಹೊಣೆ ಅನಿವಾರ್ಯವಾಗಿ ಈ ಲೇಖಕನ ಮೇಲೆ ಬಿದ್ದಿದೆ.

ಕಾಲನಿರ್ಣಯ

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಂಪರ್ಕ ಸಚಿವ ಸುಖರಾಮ್ ನಡುವೆ ನಡೆಯಿತು. ಇಬ್ಬರೂ ಮಾತಾಡಿದರೇ ಹೊರತು ಫೋಟೊ ಕಳಿಸಿಕೊಳ್ಳಲಿಲ್ಲ. ಚಿತ್ರಸಂದೇಶ, ಅಂದರೆ ಎಂಎಂಎಸ್, ಯುರೋಪಿನಲ್ಲಿ ಬಳಕೆಗೆ ಬಂದದ್ದು 2002ರಲ್ಲಿ. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದಮೇಲೆ ನಾಡಿಗೆ ನಾಡೇ ಶಾಸನ ಓದುವುದನ್ನು ಬಿಟ್ಟು ವಿಡಿಯೊ ನೋಡತೊಡಗಿತು. ಆದ್ದರಿಂದ ಶಾಸನದ ಕಾಲ 2002 ಮತ್ತು 2016ರ ನಡುವಿನದು.

ಲಿಪಿ ರೋಮನ್. ಕಾರಣ ಸ್ಪಷ್ಟ: ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಸಿದರೆ ಕನ್ನಡಕ್ಕೆ ಸಿಗುವುದು 70. ‘ಮಾನ್ಯ ಗ್ರಾಹಕರೇ’ ಎಂದು ಶುರುಮಾಡಿ ಕ್ಷಮೆ ಕೇಳುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಮೂಲಪಾಠ ಮತ್ತು ಪಾಠಾಂತರ

ಶಾಸನದಲ್ಲಿ ಹೆಸರು, ಎಪಿಎನ್, ಪ್ರಾಕ್ಸಿ, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ಎಂಬ ಸಾಲುಗಳಿವೆ. ‘ಹೆಸರು’ ಎಂಬಲ್ಲಿ ಮನೆದೇವರ ಹೆಸರು ಬರೆದರೂ ನಡೆಯುತ್ತದೆ. ಎಪಿಎನ್ ಎಂದರೆ ಫೋನು ನೆಟ್ ಹೊಗುವ ಬಾಗಿಲಿನ ಹೆಸರು; ಆ ಸಾಲಿನಲ್ಲಿ ಒಂದಕ್ಷರ ಆಚೀಚೆಯಾಗುವಂತಿಲ್ಲ. ಉಳಿದ ಸಾಲುಗಳು ಬಹುಮಟ್ಟಿಗೆ ತ್ರುಟಿತ. ತ್ರುಟಿತ ಭಾಗವನ್ನು ಊಹಿಸಿ ತುಂಬುವುದು ಶಾಸನತಜ್ಞರ ಹುಟ್ಟುಗುಣ. ಇಲ್ಲಿ ಮಾತ್ರ ತುಂಬಿದವನು ಕೆಟ್ಟ. ಖಾಲಿ ಇರುವುದೇ ಶುದ್ಧ ಪಾಠ.

ಶಾಖಾಭೇದದಿಂದ ಪಾಠ ಬದಲಾಗುತ್ತದೆ. ಏರ್‌ಟೆಲ್ ಶಾಖೆಯಲ್ಲಿ ‘ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್’, ಬಿಎಸ್ಸೆನ್ನೆಲ್ ಶಾಖೆಯಲ್ಲಿ ‘ಬಿಎಸ್ಸೆನ್ನೆಲ್‌ನೆಟ್’, ವೊಡಾಫೋನ್ ಶಾಖೆಯಲ್ಲಿ ಬರೀ ಮೂರು ‘ಡಬ್ಲ್ಯು’, ಅರ್ವಾಚೀನ ಶಾಖೆಯಲ್ಲಿ ‘ಜಿಯೊನೆಟ್’. ಟಚ್ ಫೋನುಗಳ ಕಾಲದಲ್ಲಿ ಲಿಪಿಕಾರನ ದೋಷವೊಂದು ಹೊಸದಾಗಿ ಸೇರಿತು. ಸೂಚಿಸಿದ ಪದವನ್ನು ಆರಿಸಿದೊಡನೆ ಕೀಬೋರ್ಡು ತಾನಾಗಿಯೇ ಒಂದು ಸ್ಪೇಸ್ ಬಿಡುತ್ತದೆ. ಕಣ್ಣಿಗೆ ಕಾಣದ ಈ ಪ್ರಕ್ಷೇಪದಿಂದ ಎಪಿಎನ್ ಕೆಡುತ್ತದೆ, ನೆಟ್ ಬರುವುದಿಲ್ಲ. ಇಲ್ಲದ ಅಕ್ಷರವೇ ಅರ್ಥ ಕೆಡಿಸಿದ ನಿದರ್ಶನ ಬೇರೆ ಹಸ್ತಪ್ರತಿಗಳಲ್ಲಿ ದುರ್ಲಭ.

ಸೆಟ್ಟಿಂಗ್ ತಾನಾಗಿಯೇ ಬಂದರೆ ಉಳಿಸಿಕೊಳ್ಳಲು ಪಿನ್ ಕೇಳುತ್ತಿತ್ತು. ಸಾಮಾನ್ಯವಾಗಿ ಅದು 1234. ನಿಧಿ ಕಾಯುವ ಸರ್ಪ ಇಷ್ಟು ಸುಲಭವಾಗಿ ದಾರಿ ಬಿಟ್ಟದ್ದು ಇನ್ನೆಲ್ಲೂ ಇಲ್ಲ.

ಸಂಖ್ಯಾವಿಚಾರ

ಪ್ರತಿ ಸಿಮ್ಮಿಗೂ ದೇಶದ ಸಂಕೇತವುಂಟು. ಭಾರತಕ್ಕೆ ಸಂದದ್ದು 404 ಮತ್ತು 405. ಕರ್ನಾಟಕದ ಏರ್‌ಟೆಲ್ ಸಿಮ್ 404-45, ಬಿಎಸ್ಸೆನ್ನೆಲ್ 404-71. ಇತ್ತ ವೆಬ್‌ಲೋಕದಲ್ಲಿ 404 ಎಂದರೆ ‘ಪುಟ ಸಿಗಲಿಲ್ಲ’, 405 ಎಂದರೆ ‘ಈ ವಿಧಾನಕ್ಕೆ ಅನುಮತಿಯಿಲ್ಲ’. ಎರಡೂ ಬೇರೆ ಬೇರೆ ಸಮಿತಿಗಳು ಕೊಟ್ಟ ಸಂಖ್ಯೆಗಳು, ಸಂಬಂಧವೇ ಇಲ್ಲ ಎಂದು ಎಂಜಿನಿಯರರು ವಾದಿಸುತ್ತಾರೆ. 2ಜಿ ಕಾಲದಲ್ಲಿ ಬಸ್ಸಿನಲ್ಲಿ ಕೂತು ರಿಸಲ್ಟ್ ನೋಡಲು ಹೊರಟವರು ಈ ವಾದವನ್ನು ಒಪ್ಪುವುದಿಲ್ಲ.

ಛಂದೋವಿಚಾರ

ಗುಂಡಿ ಫೋನಿನಲ್ಲಿ ಈ ಶಾಸನವನ್ನು ಕೆತ್ತುವುದಕ್ಕೂ ಲಕ್ಷಣವಿದೆ. ಒಂದು ಒತ್ತು ಒಂದು ಮಾತ್ರೆ ಎಂದಿಟ್ಟುಕೊಂಡರೆ ಏರ್‌ಟೆಲ್ ಪಾಠದ 14 ಅಕ್ಷರಗಳಿಗೆ, ಚುಕ್ಕಿಯೂ ಸೇರಿ, 30 ಮಾತ್ರೆ. ಇದರಲ್ಲಿ ಪಿ, ಆರ್, ಎಸ್ ಮೂರೂ ಏಳನೇ ಗುಂಡಿಯಲ್ಲೇ, ಅದೂ ಬೆನ್ನುಬೆನ್ನಿಗೆ ಬರುತ್ತವೆ. ಪಿಗೆ ಒಂದು ಒತ್ತು, ಆರ್‌ಗೆ ಮೂರು, ಎಸ್‌ಗೆ ನಾಲ್ಕು. ನಡುವೆ ಕ್ಷಣ ನಿಲ್ಲದಿದ್ದರೆ ಒಂದೂ ಮೂರೂ ಸೇರಿ ನಾಲ್ಕಾಗಿ, ಪಿ, ಆರ್ ಎರಡೂ ಲೋಪವಾಗಿ, ಎಸ್ ಆದೇಶವಾಗಿ ಬರುತ್ತದೆ. ಕನ್ನಡ ಕಾವ್ಯ ಯತಿಯನ್ನು ಲೆಕ್ಕಿಸದು ಎಂಬುದು ಪ್ರಸಿದ್ಧ. ಕೀಪ್ಯಾಡು ಲೆಕ್ಕಿಸುತ್ತದೆ.

ಚಿತ್ರಸಂದೇಶ ಪ್ರಕರಣ

ನೆಟ್ ಬಂದಮಾತ್ರಕ್ಕೆ ಫೋಟೊ ಹೋಗುತ್ತದೆಂದು ತಿಳಿದವನು ದ್ವೈತ ಅರಿಯದವನು. ನೆಟ್ಟಿಗೊಂದು ಎಪಿಎನ್, ಎಂಎಂಎಸ್ಸಿಗೆ ಮತ್ತೊಂದು; ಏರ್‌ಟೆಲ್‌ನಲ್ಲಿ ಅದು ‘ಏರ್‌ಟೆಲ್‌ಎಂಎಂಎಸ್.ಕಾಮ್’. ಅದಕ್ಕೆ ಬೇರೆ ಪ್ರಾಕ್ಸಿ, ಬೇರೆ ಪೋರ್ಟು. ಕಳಿಸಿದ ಚಿತ್ರ ನೇರವಾಗಿ ಗೆಳೆಯನಿಗೆ ಹೋಗುವುದಿಲ್ಲ. ಕಂಪನಿಯ ಎಂಎಂಎಸ್ ಕೇಂದ್ರದಲ್ಲಿ ಕೂರುತ್ತದೆ. ‘ನಿಮಗೊಂದು ಚಿತ್ರ ಬಂದಿದೆ’ ಎಂಬ ಗುಪ್ತ ಎಸ್ಸೆಮ್ಮೆಸ್ ಗೆಳೆಯನ ಫೋನಿಗೆ ಹೋಗುತ್ತದೆ. ಆ ಫೋನು ತನ್ನ ಎಪಿಎನ್ ಹಿಡಿದು ಹೋಗಿ ಚಿತ್ರವನ್ನು ಇಳಿಸಿಕೊಳ್ಳಬೇಕು. ಅವನ ಶಾಸನ ಅಶುದ್ಧವಾಗಿದ್ದರೆ ಚಿತ್ರದ ಬದಲು ಒಂದು ವೆಬ್ ವಿಳಾಸ ಬರುತ್ತದೆ. ಅದನ್ನು ತೆರೆಯಲು ನೆಟ್ ಬೇಕು. ನೆಟ್ ಸೆಟ್ಟಿಂಗ್ ಸರಿಮಾಡಿಕೊಳ್ಳಬಲ್ಲವನಿಗೆ ಈ ವಿಳಾಸವೇ ಬೇಕಿರಲಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಕಸ್ಟಮರ್ ಕೇರ್‌ನಲ್ಲಿ ‘ನೆಟ್‌ವರ್ಕ್ ಪ್ರಾಬ್ಲಮ್’ ಎಂದು.

ಪೂರ್ವಪಕ್ಷ

ಕಸ್ಟಮರ್ ಕೇರ್ ಪಂಥದ ವಾದ: “ಸೆಟ್ಟಿಂಗ್ ಕಳಿಸಿದೀವಿ ಸರ್. ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ.”

ಅಂಗಡಿ ಪಂಥದ ವಾದ: “ಕೊಡಿ ಇಲ್ಲಿ.”

ಎರಡನೆಯದು ಸಂಕ್ಷಿಪ್ತ, ಪ್ರಮಾಣಬದ್ಧ. ರೀಚಾರ್ಜ್ ಅಂಗಡಿಯ ಹುಡುಗ ಹೆಬ್ಬೆರಳ ಉಗುರಿನಿಂದ ಹಿಂದಿನ ಕವರ್ ಎತ್ತಿ, ಬ್ಯಾಟರಿ ತೆಗೆದು, ಸಿಮ್ಮನ್ನು ಅಂಗಿಗೆ ಒರೆಸಿ, ಮತ್ತೆ ಕೂರಿಸಿ, ಮೂವತ್ತೂ ಮಾತ್ರೆಗಳನ್ನು ಯತಿಭಂಗವಿಲ್ಲದೆ ಒತ್ತುತ್ತಿದ್ದ. ಕಣ್ಣು ಮುಂದಿನ ಗಿರಾಕಿಯ ಮೇಲಿರುತ್ತಿತ್ತು. ಅವನಿಗೆ ಕಂಪನಿ ಸಂಬಳ ಕೊಡುತ್ತಿರಲಿಲ್ಲ.

ಸಿದ್ಧಾಂತ

ಪೋಸ್ಟ್‌ಪೇಯ್ಡ್ ಗಿರಾಕಿ ಬಳಸಿದಮೇಲೆ ಹಣ ಕೊಡುತ್ತಾನೆ. ಕೆಲಸ ಕೆಟ್ಟರೆ ಬಿಲ್ ತಡೆಹಿಡಿಯಬಹುದು. ಪ್ರೀಪೇಯ್ಡ್ ಗಿರಾಕಿ ಮೊದಲೇ ಕೊಟ್ಟಿದ್ದಾನೆ, ಆದ್ದರಿಂದ ಅವನಿಗಾಗಿ ಅವಸರಪಡುವ ಕಾರಣ ಯಾರಿಗೂ ಇಲ್ಲ. ಆಗ ಪ್ಯಾಕ್ ಹಾಕಿಸದೆ ನೆಟ್ ತೆರೆದರೆ 10 ಕೆಬಿಗೆ 10 ಪೈಸೆಯಂತೆ ಕಡಿತವಾಗುತ್ತಿತ್ತು. ಒಂದು ಎಂಬಿಗೆ ಹತ್ತು ರೂಪಾಯಿ ಮಾಯ. ಕಳೆಯುವ ಲೆಕ್ಕಕ್ಕೆ ಯಾವ ಎಪಿಎನ್ನೂ ಬೇಕಿರಲಿಲ್ಲ, ಅದು ಎಂದೂ ಕೆಟ್ಟದ್ದೂ ಇಲ್ಲ. ಗ್ರಾಹಕ ಒಪ್ಪದೆ ಡೇಟಾ ಆನ್ ಮಾಡಕೂಡದು, ಬೇಕಾದವರು 1925ಕ್ಕೆ ಸಂದೇಶ ಕಳಿಸಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವಿಧಿಸಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬ್ಯಾಲೆನ್ಸ್ ಕಳೆದುಕೊಂಡು ವಿದ್ಯಾವಂತವಾಗಿತ್ತು.

ಈಗಿನ ಫೋನು ಸಿಮ್ಮಿನ ಸಂಕೇತ ಓದಿ, ತನ್ನೊಳಗಿನ ಪಟ್ಟಿಯಿಂದ ಎಪಿಎನ್ ತಾನೇ ಆರಿಸಿಕೊಳ್ಳುತ್ತದೆ. ಚಿತ್ರವೆಲ್ಲ ವಾಟ್ಸಾಪಿಗೆ ಹೋಯಿತು. ಫೋನಿಗೆ ತಿಳಿದಿರಬೇಕಾದದ್ದನ್ನು ಅಷ್ಟು ವರ್ಷ ನಾವು ಕಲಿತೆವು. ಕಲಿತು ಮುಗಿಯುವ ಹೊತ್ತಿಗೆ ಫೋನು ಕಲಿಯಿತು. ಹೀಗಾಗಿ ಈ ಶಾಸ್ತ್ರವನ್ನು ವಿಶ್ವವಿದ್ಯಾಲಯಗಳಲ್ಲಿ ಧಾರಾಳವಾಗಿ ಬೋಧಿಸಬಹುದು.

ಶಾಪಾಶಯ

ಶಾಸನಕ್ಕೆ ಕೊನೆಯಲ್ಲಿ ಶಾಪವಿರಲೇಬೇಕು. ಮೂಲದಲ್ಲಿ ‘ಷರತ್ತುಗಳು ಅನ್ವಯ’ ಎಂದಷ್ಟೇ ಇರುವುದರಿಂದ ಸಂಪಾದಕನೇ ಪೂರೈಸಿದ್ದಾನೆ:

ಈ ಸೆಟ್ಟಿಂಗಂ ಕಾದೋಂಗೆ ತಿಂಗಳ್ ತಿಂಗಳ್ ನೆಟ್ ಪ್ಯಾಕಕ್ಕುಂ. ಇದನಳಿದೋಂ, ಗಿರಾಕಿಯಂ ಕೇಳದೆ ಕಾಲರ್ ಟ್ಯೂನನಿಕ್ಕಿ ಮೂವತ್ತು ರೂಪಾಯಂ ಕೊಂಡೋನ ಲೋಕಕ್ಕೆ ಸಲ್ಗೆ.