ಟೆನ್ಷನ್ ನಿಮ್ಮದು, ಬಿಲ್ಲೂ ನಿಮ್ಮದೇ

ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಹಳೆಯದಾದವು. ಮಧ್ಯಮವರ್ಗದ ಮಾತುಕತೆಗೆ ಈಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬಂದಿದೆ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ‘ನಿಮ್ಮದೆಷ್ಟು ಬಂತು?’ ಎಂದು ಕೇಳುವ ಕಾಲ ದೂರವಿಲ್ಲ. ಕಡಿಮೆ ಬಂದವನಿಗೆ ಮರ್ಯಾದೆಯೂ ಕಡಿಮೆ. ಟೆನ್ಷನ್ನೇ ಇಲ್ಲ ಅಂದರೆ ಕೆಲಸವೂ ಇಲ್ಲ ಅಂತ ತಾನೆ?

ಪಾಪದ ಹಾರ್ಮೋನು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಎರಡು ಪುಟ್ಟ ಗ್ರಂಥಿಗಳಲ್ಲಿ ಹುಟ್ಟುತ್ತದೆ. ನಾವು ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿಗೇರಿ, ದಿನವಿಡೀ ಇಳಿದು, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಹೊತ್ತು ಗೊತ್ತಿಲ್ಲದೆ ನೋಡಿದ ಅಂಕಿಗೆ ಅರ್ಥವೇ ಇಲ್ಲ. ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ ಕಾಯಿಲೆಯ ಅನುಮಾನ ಬಂದರೆ ವೈದ್ಯರು ರಾತ್ರಿ ಮಲಗುವ ಹೊತ್ತಿನ ಉಗುಳು ಕೇಳುವುದು ಇದಕ್ಕೇ. ಇನ್ನು ಕೈಗೆ ಕಟ್ಟಿದ ಮಾಮೂಲಿ ಸ್ಮಾರ್ಟ್‌ವಾಚ್ ಕಾರ್ಟಿಸಾಲಿನ ಮುಖವನ್ನೇ ಕಂಡಿಲ್ಲ. ನಾಡಿಬಡಿತದ ಏರುಪೇರು ನೋಡಿ ಕಣಿ ಹೇಳುತ್ತದೆ, ಅಷ್ಟೆ. ಬಾಸ್ ಬೈದದ್ದಕ್ಕೂ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದದ್ದಕ್ಕೂ ಅದು ಒಂದೇ ಶಕುನ ನುಡಿದೀತು.

ಆದರೂ ಈ ವಿಜ್ಞಾನದಿಂದ ಉಪಕಾರವಾಗಿದೆ. ‘ಇಲ್ಲಿ ಉಗುಳಬಾರದು’ ಎಂದು ಗೋಡೆಗೋಡೆಗೆ ಬರೆಸಿಕೊಂಡ ನಾಡಿನಲ್ಲಿ ಉಗುಳಿಗೆ ದುಡ್ಡು ಕೊಟ್ಟು ರಿಪೋರ್ಟ್ ಪಡೆಯಬಹುದು. ಕೂದಲಿನ ಕತೆ ಇನ್ನೂ ಸೊಗಸು. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ 3 ಸೆಂಟಿಮೀಟರಿನಲ್ಲಿ ಕಳೆದ ಮೂರು ತಿಂಗಳ ಕಾರ್ಟಿಸಾಲಿನ ಲೆಕ್ಕ ಹುಡುಕುತ್ತಾರೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡುವ ಭಕ್ತರು ತಮ್ಮ ತಲೆಬಿಸಿಯ ಕಡತವನ್ನೇ ತಿಮ್ಮಪ್ಪನ ಪಾದಕ್ಕೆ ಒಪ್ಪಿಸಿ ಬರುತ್ತಿದ್ದಾರೆ ಅಂತಾಯಿತು. ಅವನು ಓದುತ್ತಾನೋ ಇಲ್ಲವೋ, ತಿರುಗಿ ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದು ಮೆಸೇಜಂತೂ ಕಳಿಸುವುದಿಲ್ಲ.

ಆ ಕೆಲಸಕ್ಕೆ ಎಚ್‌ಆರ್ ಇದೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಸುದ್ದಿಯಾಯಿತು. ಹರಾಜು ಕೂಗಿದ ಹಾಗೆ ಗಂಟೆ ಏರಿಸುವವರ ಕೈಗೆ ಯಾರೂ ಯಂತ್ರ ಕಟ್ಟುವುದಿಲ್ಲ. ಕಟ್ಟುವುದು ದುಡಿಯುವವನ ಕೈಗೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಆಯುಷ್ಯ ಕಳೆದು ಬಂದವನಿಗೆ ಶುಕ್ರವಾರ ಸಂಜೆ ಆರಕ್ಕೆ ‘ಒತ್ತಡ ನಿರ್ವಹಣೆ’ ವೆಬಿನಾರ್. ಹಾಜರಿ ಕಡ್ಡಾಯ, ಕ್ಯಾಮೆರಾ ಆನ್ ಇರಬೇಕು. ಅಷ್ಟಾದರೂ ಅಂಕಿ ಇಳಿಯದಿದ್ದರೆ ತಪ್ಪು ಅವನದೇ. ಪ್ರಾಣಾಯಾಮ ಸರಿಯಾಗಿ ಮಾಡಿಲ್ಲ, ಅಶ್ವಗಂಧ ಹೊತ್ತಿಗೆ ಸರಿಯಾಗಿ ನುಂಗಿಲ್ಲ.

ನನ್ನದೊಂದು ಸಲಹೆ. ನಮ್ಮ ಸಕಾಲ ಕಾಯ್ದೆಯಲ್ಲಿ ಸರ್ಕಾರಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೊಟ್ಟು, ತಡಮಾಡಿದ ಅಧಿಕಾರಿಯಿಂದ ವಸೂಲು ಮಾಡುವ ಏರ್ಪಾಡಿದೆ. ಅದನ್ನೇ ಹಾರ್ಮೋನಿಗೂ ಹಚ್ಚಿ. ಏರಿದ್ದು ಯಾರ ದೇಹದಲ್ಲಾದರೂ ಇರಲಿ, ಬಿಲ್ಲು ಏರಿಸಿದವರ ಹೆಸರಿಗೆ. ರಾತ್ರಿ ಹನ್ನೊಂದಕ್ಕೆ ‘ಒಂದು ಚಿಕ್ಕ ಕಾಲ್’ ಅಂದ ಮ್ಯಾನೇಜರ್‌ಗೆ, ಅಡ್ವಾನ್ಸ್ ವಾಪಸ್ ಕೊಡದ ಮನೆ ಮಾಲೀಕನಿಗೆ, ಎಲ್‌ಕೆಜಿ ಫೀಸಿನ ಚೀಟಿ ಕಳಿಸಿದ ಶಾಲೆಗೆ. ಸಾಕ್ಷ್ಯಕ್ಕೆ ಮೂರು ಸೆಂಟಿಮೀಟರ್ ಕೂದಲು ಸಾಕು.

ಬೊಕ್ಕತಲೆಯವರ ಪಾಡು ಮಾತ್ರ ಕಷ್ಟ. ಸಾಕ್ಷ್ಯ ನಾಶ ಮಾಡಿದ್ದಾರೆಂದು ಮ್ಯಾನೇಜ್‌ಮೆಂಟೇ ಅವರ ಮೇಲೆ ಕೇಸು ಹಾಕೀತು.