ಲೀಟರ್ ಭಾವ

ನಮ್ಮ ಭಾವನಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಸಿಗ್ನಲ್ ದೂರದಲ್ಲಿ ಕೆಂಪಾಗಿದ್ದು ಕಂಡರೆ ಇಲ್ಲೇ ಎಂಜಿನ್ ಆರಿಸುವವರು. ಬಂಕಿನಲ್ಲಿ ಪೈಪಿನ ಕೊನೇ ಹನಿ ಉದುರುವ ತನಕ ಹುಡುಗನನ್ನು ಬಿಡದವರು. ಬೆಳಗಿನ ತಂಪಿಗೆ ಪೆಟ್ರೋಲ್ ಗಟ್ಟಿಯಾಗಿರುತ್ತದೆಂದು ನಂಬಿ ಹಲ್ಲುಜ್ಜುವ ಮೊದಲೇ ಹೊರಡುವವರು. "ಟ್ಯಾಂಕು ನೆಲದಡಿ ಇರುತ್ತೆ ಭಾವ, ಅಲ್ಲಿ ಬೆಳಗೂ ಮಧ್ಯಾಹ್ನವೂ ಒಂದೇ" ಎಂದರೆ, "ನಿನಗೆ ಸಂಸಾರ ಗೊತ್ತಿಲ್ಲ ಬಿಡಯ್ಯ" ಎನ್ನುತ್ತಾರೆ. ನನಗೂ ಇಬ್ಬರು ಮಕ್ಕಳು.

2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಭಾರ. ಈ ದಶಾಂಶಗಳೆಲ್ಲ ನನಗೆ ಬಾಯಿಪಾಠವಾಗಿದ್ದು ಮರುದಿನ ಭಾನುವಾರ, ಚಾಮುಂಡಿ ಬೆಟ್ಟ ಹತ್ತುವಾಗ, ಅವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ನಡುನಡುವೆ ನನ್ನ ತೂಕದ ಪ್ರಸ್ತಾಪವೂ ಬಂತು. ಇಳಿಯುವಾಗ ಕೀಲಿಯನ್ನೇ ತಿರುವಿಬಿಟ್ಟರು. "ಇಳಿಜಾರು ತಾಯಿ ಕೊಟ್ಟಿದ್ದು. ಅದಕ್ಕೂ ಪೆಟ್ರೋಲ್ ಸುಡ್ತಾರೇನಯ್ಯ?"

ಕೀಲಿ ಆರಿದರೆ ಆ ಮುದಿ ಸ್ಕೂಟರಿನ ಹಾರನ್ನೂ ಆರುತ್ತದೆ. ತಿರುವಿನಲ್ಲೊಂದು ಹಸು, ಅದರಾಚೆ ಸೆಲ್ಫಿ ತೆಗೆಯುತ್ತಿದ್ದ ನವದಂಪತಿ. "ಕೂಗಯ್ಯಾ!" ಎಂದರು ಭಾವ. ಆಫೀಸಿನಲ್ಲಿ ನಾಲ್ಕು ಜನ 'ಸಾರ್' ಎನ್ನುವ ನಾನು ಬೆಟ್ಟದ ಬುಡದವರೆಗೂ 'ಪೀಂ ಪೀಂ' ಎನ್ನುತ್ತಾ ಬಂದೆ. ಹಸು ಪಕ್ಕಕ್ಕೆ ಸರಿಯಿತು. ದಂಪತಿ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ಬಂದ ಮೇಲೆ ಭಾವ, "ಒಂದು ಕಾಫಿ ದುಡ್ಡು ಉಳೀತು ನೋಡು" ಎಂದರು. ಕಾಫಿ ಕೊಡಿಸಲಿಲ್ಲ.

ಮನೆಯಲ್ಲಿ ಅನ್ನ, ಬೇಳೆ, ಪಲ್ಯ ಎಲ್ಲಕ್ಕೂ ಒಂದೇ ಕುಕ್ಕರ್, ಒಂದೇ ಉರಿ. ಎರಡನೇ ವಿಷಲ್‌ಗೆ ಗ್ಯಾಸ್ ಆರಿಸಲು ತಾವೇ ಕಾವಲು. "ಡೀಸೆಲ್ ಏರಿದರೆ ದಂಟಿನ ಸೊಪ್ಪಿಗೇನಮ್ಮ?" ಎಂದು ಸೊಪ್ಪಿನವಳ ಹತ್ತಿರ ವಾದಕ್ಕಿಳಿದರು. "ಸೊಪ್ಪು ಹೊಲದಿಂದ ನಡ್ಕೊಂಡ್ ಬರ್ತದಾ ಸ್ವಾಮಿ?" ಎಂದಳು. ಅವಳಿಗೆ ಎದುರಾಡಲಿಲ್ಲ, ಕಟ್ಟಿಗೆ ಕೇಳಿದಷ್ಟೇ ಕೊಟ್ಟರು.

ನಗುತ್ತೇನೆ, ನಿಜ. ಆದರೆ ಇದೇ ಜುಗ್ಗತನದಲ್ಲಿ ಗುಮಾಸ್ತನ ಸಂಬಳದಿಂದ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಕೇಂದ್ರದ ಸುಂಕವಾಗಲಿ ರಾಜ್ಯದ ತೆರಿಗೆಯಾಗಲಿ ಅವರನ್ನು ಕೇಳಿ ಏರಲಿಲ್ಲ. ಅವರ ಕೈಗೆ ಬಿಟ್ಟಿದ್ದು ಆ ಸ್ಕೂಟರಿನ ಕೀಲಿಯೊಂದೇ.

ಶಕ್ತಿ ಯೋಜನೆ ಬಂದ ಮೇಲಂತೂ ಸಂತೆ ಕೆಲಸವನ್ನೆಲ್ಲ ಅಕ್ಕನಿಗೆ ವಹಿಸಿದ್ದಾರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ. ಮೊನ್ನೆ ಕೊತ್ತಂಬರಿ ತರಲು ದೇವರಾಜ ಮಾರುಕಟ್ಟೆಗೆ ಹೋದ ಅಕ್ಕ ಫೋನ್ ಮಾಡಿದ್ದು ಧರ್ಮಸ್ಥಳದಿಂದ. ಭಾವ ಎರಡು ದಿನ ಹೋಟೆಲಿನಲ್ಲಿ ಉಂಡರು. ಹೋಗಿದ್ದು ಮಾತ್ರ ನಡೆದುಕೊಂಡೇ.