ನತ್ತಿಗೆ ಬಂದ ಫೋಕಸ್

ನಮ್ಮ ಬಳಗದಲ್ಲಿ ಇತ್ತೀಚೆಗೆ ಕೆಲವರಿಗೆ ಹೊಸ ಹೆಸರು ಬಿದ್ದಿವೆ. ನನ್ನ ಷಡ್ಡಕರು ‘ಎಡಗಿವಿ ಮಾಮಾ’. ಹೆಂಡತಿಯ ತಂಗಿ ‘ಜಡಿ ಮಾವಶಿ’. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ, ಓಣಿಯವರೆಲ್ಲ ಎದ್ದು ನಿಂತು ನಮಸ್ಕಾರ ಹೇಳುವ ನಮ್ಮ ಕಾಕಾ ಈಗ ‘ಅಂಗಿಗುಂಡಿ ಕಾಕಾ’. ನಾನು ತೆಗೆದ ಫೋಟೋದಲ್ಲಿ ಯಾರದು ಯಾವುದು ಸ್ಪಷ್ಟವಾಗಿ ಬಂದಿತೋ ಅದೇ ಅವರ ಹೆಸರು. ಮಿಕ್ಕಿದ್ದೆಲ್ಲ ಹಬೆ ಹಿಡಿದ ಬಚ್ಚಲುಮನೆಯ ಕನ್ನಡಿಯಲ್ಲಿ ಕಂಡ ಹಾಗೆ.

ಇದಕ್ಕೆಲ್ಲ ಕಾರಣ ಪಾವ ಕಿಲೋ ತೂಕದ ಒಂದು ಲೆನ್ಸು.

ಸೊಲ್ಲಾಪುರದ ನವಿಪೇಟೆಯ ಹಿಂದಿನ ಓಣಿಯಲ್ಲಿ ಹಳೆಯದೊಂದು ಸ್ಟುಡಿಯೋ ಬಾಗಿಲು ಹಾಕುತ್ತಿತ್ತು. ಮುದುಕರಾದ ಸ್ಟುಡಿಯೋ ಕಾಕಾ ಸಾಮಾನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದರು. ಅದರಲ್ಲಿ ಜಪಾನಿನ ತಕುಮಾರ್ ಲೆನ್ಸು ಕಂಡಿತು: 50 ಎಂಎಂ, ಎಫ್ 1.4. ಪ್ಲಾಸ್ಟಿಕ್ ಎಂಬುದೇ ಇಲ್ಲ, ಬರೀ ಲೋಹ ಮತ್ತು ಗಾಜು. ಬಳೆ ತಿರುವಿದರೆ ತುಪ್ಪ ಸವರಿದಂತೆ ಸರಿಯುತ್ತದೆ. ನಾನು ಅಲ್ಲೇ ಸೋತೆ. ಗಾಜು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಆ ಕಾಲದ ಹಲವು ಒಳ್ಳೆಯ ಲೆನ್ಸುಗಳ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ವರ್ಷಗಳು ಕಳೆದಂತೆ ಅದು ಹಳದಿಯಾಗುತ್ತದೆ. ಔಷಧವೆಂದರೆ ಬಿಸಿಲು. ಸೊಲ್ಲಾಪುರದಲ್ಲಿ ಉಳಿದದ್ದಕ್ಕೆಲ್ಲ ಬರವಿದ್ದರೂ ಬಿಸಿಲಿಗೆ ಬರವಿಲ್ಲ. ಮಾಳಿಗೆಯ ಮೇಲೆ ಹಪ್ಪಳದ ಸಾಲಿನಲ್ಲಿ ಲೆನ್ಸನ್ನೂ ಇಟ್ಟೆ. ಹೆಂಡತಿ ಬಂದು ನೋಡಿ, “ಇದನ್ನೂ ಸಂಜೀಕ ಹೊಳ್ಳಿಸಿ ಹಾಕಬೇಕೇನ್ರಿ?” ಎಂದಳು. ಕೆಲವು ವಾರದಲ್ಲಿ ಗಾಜು ತಿಳಿಯಾಯಿತು. ಹಪ್ಪಳವೂ ಚೆನ್ನಾಗಿ ಒಣಗಿದವು.

ಆ ಲೆನ್ಸಿನ ಬುಡದಲ್ಲಿ 42 ಮಿಲಿಮೀಟರ್ ಅಗಲದ ಸ್ಕ್ರೂ ಇದೆ. ಒಂದು ಅಡಾಪ್ಟರ್ ಬಳೆ ತಂದು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುವಿದಂತೆ ತಿರುವಿ ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂಡಿಸಿದೆ. ಸಂಬಂಧ ಕೂಡಿತು, ಸಂಸಾರ ಮಾತ್ರ ಹೊಂದಲಿಲ್ಲ. ಹಳೆಯ ಲೆನ್ಸಿಗೆ ಆಟೋಫೋಕಸ್ ಗೊತ್ತಿಲ್ಲ. ನನಗೆ ಆಟೋಫೋಕಸ್ ಬಿಟ್ಟು ಬೇರೇನೂ ಗೊತ್ತಿಲ್ಲ.

ಎಫ್ 1.4 ಎಂದರೆ ಬಾಯಿ ದೊಡ್ಡದು. ಮಸುಕು ಬೆಳಕಿನಲ್ಲೂ ಬೇಕಾದಷ್ಟು ಬೆಳಕು ನುಂಗುತ್ತದೆ. ಬಾಯಿ ದೊಡ್ಡದಿದ್ದವರ ಮಾತಿನಲ್ಲಿ ಆಳ ಕಡಿಮೆ ಎಂಬುದು ಲೆನ್ಸಿಗೂ ಸಲ್ಲುತ್ತದೆ. ನನ್ನ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರ ಕುಳಿತವರ ಮುಖಕ್ಕೆ ಈ ಲೆನ್ಸು ಕೊಡುವ ಸ್ಪಷ್ಟತೆಯ ಪದರು ಸುಮಾರು 2 ಸೆಂಟಿಮೀಟರ್, ಒಂದರ ಮೇಲೊಂದು ಒಟ್ಟಿದ ಹತ್ತು ಕಡಕ್ ರೊಟ್ಟಿಯಷ್ಟು ದಪ್ಪ. ಮೂಗಿನ ತುದಿಯಿಂದ ಕಣ್ಣಿಗೆ ಅದಕ್ಕಿಂತ ಹೆಚ್ಚು ದೂರ. ಅಂದರೆ ಮೂಗು ಬೇಕೋ ಕಣ್ಣು ಬೇಕೋ ಒಂದು ಹೇಳಿ, ಎರಡೂ ಕೊಡಲಾರೆ ಎನ್ನುತ್ತದೆ ಲೆನ್ಸು. ಎದುರಿಗಿದ್ದವರು ಉಸಿರಾಡಿದರೂ, ನಾನು ಉಸಿರಾಡಿದರೂ ಆ ಹತ್ತು ರೊಟ್ಟಿಯ ಗಂಟು ಅತ್ತಿತ್ತ ಸರಿಯುತ್ತದೆ.

ನನ್ನನ್ನು ಕಂಗೆಡಿಸಿದ್ದು ಇದಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿದಾಗ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಕಣ್ಣು, ಹುಬ್ಬು, ಹುಬ್ಬಿನ ಕೂದಲು, ಎಲ್ಲ. ಗುಂಡಿ ಒತ್ತಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎಡಗಿವಿ.

ಸೊಲ್ಲಾಪುರದವನಾದ ನನಗೆ ಇದರ ಮರ್ಮ ಮೊದಲೇ ತಿಳಿಯಬೇಕಿತ್ತು. ರಿಕ್ಷಾದಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುತ್ತ ಬೆಳೆದ ನಮಗೆ ದುಭಾಷಿಗಳ ಕೈಚಳಕ ಗೊತ್ತು. ನೀವು ಸಿಟ್ಟಿನಿಂದ ನಾಲ್ಕು ಮಾತು ಅಂದರೆ ಅವನು ನಗುನಗುತ್ತ ಎರಡು ಹೇಳಿ ಮುಗಿಸುತ್ತಾನೆ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಈ ದುಭಾಷಿ ಕೆಲಸ ಒಂದು ಕನ್ನಡಿ ಮತ್ತು ಒಂದು ಪರದೆಯದು. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲಿನ ಪರದೆಯ ಮೇಲೆ ಬಿದ್ದು, ಅಲ್ಲಿಂದ ನಮ್ಮ ಕಣ್ಣಿಗೆ ಬರುತ್ತದೆ. ಫಿಲ್ಮಿನ ಕಾಲದ ಪರದೆಯ ನಡುವೆ ಒಂದು ದುಂಡನೆಯ ಗಾಜಿತ್ತು. ಫೋಕಸ್ ತಪ್ಪಿದರೆ ಮುಖ ಮೂಗಿನ ಮೇಲೆ ಎರಡು ಹೋಳಾಗಿ ಕಾಣುತ್ತಿತ್ತು, ಹೋಳು ಕೂಡಿದರೆ ಫೋಕಸ್ ಕೂಡಿತು ಎಂದು ಅರ್ಥ. ಆಟೋಫೋಕಸ್ ಬಂದ ಮೇಲೆ ಆ ಗಾಜು ಹೋಗಿ, ಹೊಳಪೇ ಮುಖ್ಯವಾದ ನುಣುಪು ಪರದೆ ಬಂತು. ಅದು ಎಫ್ 2.8ರ ಆಸುಪಾಸಿನವರೆಗೆ ಮಾತ್ರ ಸತ್ಯ ಹೇಳುತ್ತದೆ. ಲೆನ್ಸು 1.4 ಎಂದು ಕೂಗಿದರೂ ಪರದೆ ನಮಗೆ 2.8ರ ಚಿತ್ರವನ್ನೇ ತೋರಿಸುತ್ತದೆ. ನಂಬದವರು ಪರೀಕ್ಷೆ ಮಾಡಬಹುದು: ಕಿಂಡಿಯಲ್ಲಿ ನೋಡುತ್ತಲೇ ಹಳೆಯ ಲೆನ್ಸಿನ ಬಾಯಿಯನ್ನು 1.4ರಿಂದ 2ಕ್ಕೆ, 2ರಿಂದ 2.8ಕ್ಕೆ ಕಿರಿದು ಮಾಡಿ. ಚಿತ್ರ ಹೆಚ್ಚುಕಡಿಮೆ ಇದ್ದಷ್ಟೇ ಬೆಳಕಾಗಿರುತ್ತದೆ. ಮಬ್ಬಾದದ್ದನ್ನೂ ಸ್ಪಷ್ಟವೆಂದು ತೋರಿಸುವ ಪರದೆಯ ಮಾತು ನಂಬಿ ನಾನು ನಾಲ್ಕು ಮಂದಿಯ ಮರ್ಯಾದೆ ಕಳೆದಿದ್ದೆ.

ಅದರ ಮೇಲೆ ನನ್ನ ಸ್ವಂತದ ಪಾಲೂ ಇತ್ತು. ಇಣುಕುವ ಕಿಂಡಿಯ ಪಕ್ಕದಲ್ಲಿ ಸಣ್ಣದೊಂದು ಗಾಲಿ ಇರುತ್ತದೆ. ನಮ್ಮ ಕಣ್ಣಿನ ನಂಬರಿಗೆ ತಕ್ಕಂತೆ ಪರದೆಯನ್ನು ಸ್ಪಷ್ಟ ಮಾಡಿಕೊಳ್ಳಲು ಕೊಟ್ಟದ್ದು. ಮೊಮ್ಮಗ ಅದನ್ನು ರೇಡಿಯೋ ಎಂದು ತಿಳಿದು ತಿರುವಿದ್ದ. ಚಾಳೀಸು ಬಂದ ನಾನು ಎರಡು ತಿಂಗಳು ಲೆನ್ಸಿಗೆ ಬೈದೆ, ಅಡಾಪ್ಟರಿಗೆ ಬೈದೆ, ಧೂಳಿಗೆ ಬೈದೆ. ಕೊನೆಗೆ ತಿಳಿಯಿತು: ಆ ಗಾಲಿ ತಿರುವುವಾಗ ಎದುರಿನ ಮುಖ ನೋಡಬಾರದು, ಪರದೆಯ ಮೇಲಿನ ಕಪ್ಪು ಗೆರೆ ನೋಡಬೇಕು, ಗೆರೆ ಚೂಪಾಗಿ ಕಂಡಲ್ಲಿ ನಿಲ್ಲಿಸಬೇಕು. ಪರದೆಯೇ ಮಬ್ಬಾಗಿ ಕಾಣುತ್ತಿದ್ದರೆ ಅದರ ಮೇಲಿನ ಮುಖವನ್ನು ದೂರಿ ಏನು ಫಲ?

ಆಮೇಲೆ ಎಲೆಕ್ಟ್ರಾನಿಕ್ ಚಿಪ್ ಇರುವ ಅಡಾಪ್ಟರ್ ತರಿಸಿದೆ. ಇದರದು ಹಸಿರು ದೀಪದ ಆಸೆ. ಬಳೆ ತಿರುವುತ್ತ ಹೋದರೆ ಫೋಕಸ್ ಬಂದಾಗ ಕಿಂಡಿಯಲ್ಲಿ ಹಸಿರು ಚುಕ್ಕೆ ಹತ್ತಿ ಪೀಂ ಎನ್ನುತ್ತದೆ. ಆದರೆ ಚುಕ್ಕೆ ಬಹಳ ಉದಾರಿ. ಸ್ವಲ್ಪ ಮೊದಲೇ ಹತ್ತುತ್ತದೆ, ಸ್ವಲ್ಪ ತಡವಾಗಿ ಆರುತ್ತದೆ. ಹತ್ತಿದ್ದು ಎಲ್ಲಿ, ಆರಿದ್ದು ಎಲ್ಲಿ ಎಂದು ಗುರುತಿಟ್ಟುಕೊಂಡು ನಟ್ಟನಡುವಿಗೆ ಬಂದು ನಿಲ್ಲಬೇಕು. ಇಷ್ಟು ಲೆಕ್ಕ ಮುಗಿಯುವಷ್ಟರಲ್ಲಿ ಅಂಗಿಗುಂಡಿ ಕಾಕಾ ಎದ್ದು ಚಹಾಕ್ಕೆ ಹೋಗಿರುತ್ತಿದ್ದರು.

ಜನವರಿಯಲ್ಲಿ ಗಡ್ಡಾ ಯಾತ್ರೆ ಬಂತು. ಸೊನ್ನಲಿಗೆಯ ಸಿದ್ಧರಾಮನ ಊರಿನಲ್ಲಿ ಸಂಕ್ರಾಂತಿ ಎಂದರೆ ಏಳು ನಂದಿಧ್ವಜಗಳು. ಬಿಳಿ ಬಾರಾಬಂದಿ ತೊಟ್ಟವರು ಮಾಳಿಗೆಯೆತ್ತರದ ಆ ಧ್ವಜವನ್ನು ನೆಟ್ಟಗೆ ಹೊತ್ತು ನಡೆಯುತ್ತಾರೆ. ಸಿದ್ಧರಾಮ ಸ್ಥಾಪಿಸಿದನೆಂಬ 68 ಲಿಂಗಗಳ ಪ್ರದಕ್ಷಿಣೆ, ಅಕ್ಷತೆ, ಹೋಮ, ಕೊನೆಗೆ ಮದ್ದಿನ ಸೊಬಗು. ಹೋಮದ ದಿನ ರಾತ್ರಿಯ ಬೆಳಕಿಗೆ ನನ್ನ ಲೆನ್ಸಿಗಿಂತ ಬೇರೆ ಲೆನ್ಸಿಲ್ಲ ಎಂದು ಹೊರಟೆ. ಎದುರಿಗೆ ನಡೆದು ಬರುವವರನ್ನು ಬಳೆ ತಿರುವುತ್ತ ಬೆನ್ನಟ್ಟುವುದು ಆಗದ ಕೆಲಸ. ಬಲ್ಲವರು ಜಾಗಕ್ಕೆ ಮೊದಲೇ ಫೋಕಸ್ ಕೂಡಿಸಿ ಕಾಯುತ್ತಾರೆ. ನಾನೂ ದಾರಿಯ ರಂಗೋಲಿಯ ಬಿಳಿ ಗೆರೆಗೆ ಫೋಕಸ್ ಕೂಡಿಸಿ, ಬೆಕ್ಕು ಬಿಲದ ಮುಂದೆ ಕೂತಂತೆ ಕೂತೆ. ಧ್ವಜ ಬಂತು. “ಹರ್ರ ಬೋಲಾ ಹರ್ರ” ಎಂದು ಜನ ಒಮ್ಮೆಲೇ ನುಗ್ಗಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಜೊತೆ ಫೋಕಸ್ಸೂ ಎರಡು ಹೆಜ್ಜೆ ಹಿಂದೆ ಸರಿಯಿತು. ಫೋಟೋದಲ್ಲಿ ನಡುವೆ ನುಸುಳಿದ ಪುಗ್ಗಾ ಮಾರುವವನ ಕೈಯ ಪುಗ್ಗಾದ ಗಂಟು ಸೂಜಿಮೊನೆಯಷ್ಟು ಚೂಪಾಗಿ ಬಂದಿತ್ತು. ನಂದಿಧ್ವಜ ಹಿಂದೆಲ್ಲೋ ಬೆಳಕಿನ ಬೆಲ್ಲದ ಪಾಕವಾಗಿ ಕರಗಿತ್ತು.

ಆ ಫೋಟೋ ಹಿಡಿದು ಸ್ಟುಡಿಯೋ ಕಾಕಾರ ಮನೆಗೆ ಹೋದೆ. ಏನೋ ಗುಟ್ಟು ಹೇಳಿಯಾರೆಂದು ಆಸೆ. ಅವರು ಕನ್ನಡಕ ಏರಿಸಿ ನೋಡಿ ಕೇಳಿದರು, “ಎಷ್ಟರಾಗ ಇಟ್ಟಿದ್ದಿ?”

“ಒಂದು ಪಾಯಿಂಟ್ ನಾಲ್ಕರಾಗ್ರಿ.”

“ಯಾಕೋ ತಮ್ಮಾ? ನಲವತ್ತು ವರ್ಷ ನಾ ಎಂಟರಾಗ ಇಟ್ಟು, ಹತ್ತು ಫೂಟಿಗೆ ಬಳಿ ಕೂಡಿಸಿ, ಫ್ಲ್ಯಾಶ್ ಹೊಡದು ಸಾವಿರ ಮದುವಿ ಮುಗಿಸೀನಿ. ಬೀಗರು, ಬೀಗತ್ಯಾರು, ಹಿಂದಿನ ಬಾಳಿಗಿಡ ಸುದ್ದಾ ಬಂದೈತಿ.”

“ಮತ್ತ 1.4ರ ಲೆನ್ಸ್ ಯಾಕ ತೊಗೊಂಡಿದ್ರಿ?”

“ಅದು ಗಿರಾಕಿಗೆ ತೋರಸಾಕ.”

ಅವರ ಲೆಕ್ಕ ಸರಿಯಾಗಿಯೇ ಇತ್ತು. ಎಫ್ 8ರಲ್ಲಿ ಹತ್ತು ಅಡಿಗೆ ಇಟ್ಟರೆ ಅವರ ಫಿಲ್ಮ್ ಕ್ಯಾಮೆರಾದಲ್ಲಿ ಸುಮಾರು ಎಂಟು ಅಡಿಯಿಂದ ಹದಿನಾಲ್ಕು ಅಡಿಯವರೆಗೆ ಎಲ್ಲ ಸ್ಪಷ್ಟ. ಅದರಲ್ಲಿ ಇಡೀ ಬೀಗರ ಪಂಗಡ ಹಿಡಿಸುತ್ತದೆ. ಆದರೆ ಗಿರಾಕಿಗೆ ತೋರಿಸುವ ಲೆನ್ಸನ್ನು ಕೊಂಡು ತಂದ ಗಿರಾಕಿ ನಾನು. ಬಿಡುವ ಹಾಗಿಲ್ಲ.

ಕೊನೆಯ ಯತ್ನ ಅಕ್ಕಲಕೋಟೆಯಲ್ಲಿ. ಸೊಲ್ಲಾಪುರದಿಂದ ಕೆಂಪು ಎಸ್‌ಟಿ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್. ಸ್ವಾಮಿ ಸಮರ್ಥರ ವಟವೃಕ್ಷದ ಗುಡಿಯಲ್ಲಿ ಕೈ ಮುಗಿದು, ಅನ್ನಛತ್ರದಲ್ಲಿ ಉಂಡು ಸೋದರತ್ತೆಯ ಮನೆಗೆ ಹೋದೆ. ಎಂಬತ್ತು ದಾಟಿದ ಅತ್ತೆಯ ಒಂದಾದರೂ ನೆಟ್ಟಗಿನ ಫೋಟೋ ಬೇಕೆಂದು ಬಳಗದ ಬೇಡಿಕೆ. ತೆಗೆಯುವವನು ನಾನು ಎಂಬುದಕ್ಕೆ ಮಾತ್ರ ವಿರೋಧ. ಅತ್ತೆ ನತ್ತು ಇಟ್ಟುಕೊಂಡು, ಸೊಲ್ಲಾಪುರ ಚಾದರ ಹಾಸಿದ ಮಂಚದ ಮೇಲೆ ಕಲ್ಲಿನಂತೆ ಕುಳಿತರು. ಕಣ್ಣು ಮಿಟುಕಿಸಲಿಲ್ಲ. ಅರ್ಧ ನಿಮಿಷದ ಮೇಲೆ ತುಟಿ ಅಲುಗಿಸದೆ ಕೇಳಿದರು, “ಉಸರು ಬಿಡ್ಲೇನೋ?”

ಗೋಡೆಯ ಮೇಲೆ ಸ್ವಾಮಿ ಸಮರ್ಥರ ಫೋಟೋ ಇತ್ತು. 1856ರಲ್ಲಿ ಈ ಊರಿಗೆ ಬಂದು, 1878ರಲ್ಲಿ ಇಲ್ಲೇ ಸಮಾಧಿಯಾದವರು. ಅವರ ಫೋಟೋ ತೆಗೆದವರು ಕೊಡ್ಯಾಕ್‌ನವರು ಎಂದು ಜನ ಹೇಳುವುದುಂಟು. ಆದರೆ ಕೊಡ್ಯಾಕ್ ಎಂಬ ಹೆಸರು ಹುಟ್ಟಿದ್ದೇ 1888ರಲ್ಲಿ, ಹತ್ತು ವರ್ಷದ ಮೇಲೆ. ತೆಗೆದವರು ಯಾರೇ ಇರಲಿ, ಆ ಕಾಲದ ಫೋಟೋದವರು ಕರಿ ಬಟ್ಟೆಯೊಳಗೆ ತಲೆ ತೂರಿಸಿ ಉಜ್ಜಿದ ಗಾಜಿನ ಮೇಲೆ ಬಿಂಬ ನೋಡುತ್ತಿದ್ದರು. ಬಿಂಬ ತಲೆಕೆಳಗು. ಆದರೆ ಆ ಗಾಜು ಇದ್ದ ಜಾಗಕ್ಕೇ ಆಮೇಲೆ ಪ್ಲೇಟು ಬರುತ್ತಿತ್ತು. ನಡುವೆ ಕನ್ನಡಿಯಿಲ್ಲ, ದುಭಾಷಿಯಿಲ್ಲ. ಅವರಿಗೆ ತಲೆಕೆಳಗಾಗಿ ಕಂಡದ್ದು ಖರೇ. ನನಗೆ ನೆಟ್ಟಗೆ ಕಾಣುತ್ತಿದ್ದದ್ದು ಸುಳ್ಳು.

ಅತ್ತೆಯ ಮೊಮ್ಮಗ ಮಧ್ಯೆ ಬಂದ. ಅವನದು ಕನ್ನಡಿಯೇ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾ. “ಮಾಮಾ, ಇದರಾಗ ಪೀಕಿಂಗ್ ಐತ್ರಿ. ಫೋಕಸ್ ಇದ್ದಲ್ಲಿ ಕೆಂಪಗ ತೋರಸ್ತೈತಿ” ಎಂದು ನನ್ನ ಲೆನ್ಸನ್ನು ಅದಕ್ಕೆ ಹಾಕಿದ. ಪೀಕಿಂಗ್ ಹುಡುಕುವುದು ಕಪ್ಪು ಬಿಳುಪು ಥಟ್ಟನೆ ಕೂಡುವ ಅಂಚುಗಳನ್ನು. ಅತ್ತೆಯ ಸುಕ್ಕುಗಟ್ಟಿದ ಮೆತ್ತನೆಯ ಮುಖಕ್ಕಿಂತ ಸೊಲ್ಲಾಪುರ ಚಾದರದ ಹೂಬಳ್ಳಿ ಅದಕ್ಕೆ ಹೆಚ್ಚು ಹಿಡಿಸಿತು. ಮಂಚದ ತುಂಬ ಕೆಂಪಿರುವೆ ಎದ್ದಂತಾಯಿತು. ಆತ ಒಂದು ಹೊಡೆದ. ಚಾದರ ಜಾಹೀರಾತಿಗೆ ಯೋಗ್ಯವಾಗಿತ್ತು.

ನಾನು ಲೆನ್ಸನ್ನು ಮರಳಿ ನನ್ನ ಹಳೆಯ ಕ್ಯಾಮೆರಾಕ್ಕೆ ತಿರುವಿದೆ. ಕಿಂಡಿಯ ಗೊಡವೆ ಬಿಟ್ಟೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಲೈವ್ ವ್ಯೂ ಹಚ್ಚಿದೆ. ಆಗ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಚಿತ್ರ ಯಾವ ಸೆನ್ಸರಿನ ಮೇಲೆ ಅಚ್ಚಾಗುತ್ತದೋ ಅದೇ ಸೆನ್ಸರು ಕಂಡದ್ದನ್ನು ಹಿಂದಿನ ಪರದೆಯಲ್ಲಿ ತೋರಿಸುತ್ತದೆ. ಕರಿ ಬಟ್ಟೆಯ ಉಜ್ಜಿದ ಗಾಜಿಗೆ ಇದೇ ಇಂದಿನ ವಾರಸುದಾರ. ಬಿಸಿಲಿಗೆ ಪರದೆ ಕಾಣದಾಗ ಅತ್ತೆಯ ಕಪ್ಪು ಶಾಲನ್ನೇ ತಲೆಗೆ ಹೊದ್ದೆ. ಗುಂಡಿ ಒತ್ತಿ ಹತ್ತು ಪಟ್ಟು ದೊಡ್ಡದು ಮಾಡಿದೆ. ಕಣ್ರೆಪ್ಪೆ ಒಂದೊಂದಾಗಿ ಎಣಿಸುವಂತಾಯಿತು. ಲೆನ್ಸನ್ನು 2ಕ್ಕೆ ಇಳಿಸಿದೆ. ಇಂಥ ಲೆನ್ಸುಗಳಲ್ಲಿ ಬಾಯಿ ಕಿರಿದು ಮಾಡಿದರೆ ಫೋಕಸ್ ತುಸು ಜಾರುವುದುಂಟು. ಹಾಗಾಗಿ ಯಾವ ಅಳತೆಯಲ್ಲಿ ತೆಗೆಯುತ್ತೇವೋ ಅದೇ ಅಳತೆಯಲ್ಲಿ ಇಟ್ಟು ಬಳೆಯನ್ನು ಕೂದಲೆಳೆಯಷ್ಟು ತಿರುವಿ ಕೂಡಿಸಿದೆ. ಅತ್ತೆ ಇನ್ನೂ ಉಸಿರು ಹಿಡಿದಿದ್ದರು. ಒತ್ತಿದೆ. ಎರಡೂ ಕಣ್ಣು ಬಂದವು. ನಾನು ಶಾಲಿನೊಳಗಿಂದಲೇ ಕೂಗಿದೆ. ಅತ್ತೆ ಗಾಬರಿಯಾಗಿ ಉಸಿರು ಬಿಟ್ಟು ಮುಂದೆ ಬಾಗಿದರು. ಆ ಭರದಲ್ಲಿ ಇನ್ನೊಮ್ಮೆ ಒತ್ತಿಬಿಟ್ಟೆ. ಎರಡನೆಯದರಲ್ಲಿ ನತ್ತೊಂದೇ ಬಂತು, ಮುತ್ತಿನ ಸಮೇತ.

ಎರಡನ್ನೂ ಅತ್ತೆಗೆ ತೋರಿಸಿದೆ. ಅವರು ಎರಡನೆಯದರ ಮೇಲೆ ಬೆರಳಿಟ್ಟರು.

“ಅತ್ತಿ, ಅದರಾಗ ನಿಮ್ಮ ಮಾರಿನೇ ಬಂದಿಲ್ರಿ.”

“ನನ್ನ ಮಾರಿ ಎಲ್ಲಾರ್ಗೂ ಗೊತ್ತೈತಿ. ನಾಳೆ ನಾ ಹೋದ ಮ್ಯಾಲ ನತ್ತಿನಾಗ ಎಷ್ಟು ಮುತ್ತು ಇದ್ದೂ ಅಂತ ಮೂರು ಮಂದಿ ಸೊಸಿಗೋಳು ಜಗಳ ತಗೀತಾರ. ಇದನ್ನ ದೊಡ್ಡದು ಮಾಡಿಸಿ ಕೊಡು.”

ಓದುಗರೇ, ನಿಮ್ಮ ಮನೆಯ ಕಪಾಟಿನಲ್ಲೂ ಅಪ್ಪನೋ ಮಾವನೋ ಬಿಟ್ಟುಹೋದ ಇಂಥ ಲೆನ್ಸಿದ್ದರೆ ಹೊರಗೆ ತೆಗೆಯಿರಿ, ಬಿಸಿಲು ತೋರಿಸಿ. ಕಿಂಡಿಯನ್ನು ನಂಬಬೇಡಿ, ಹಿಂದಿನ ಪರದೆಯಲ್ಲಿ ಹತ್ತು ಪಟ್ಟು ಮಾಡಿ ನೋಡಿ. ಉಸಿರು ಹಿಡಿಯಬಲ್ಲ ಅತ್ತೆಯೊಬ್ಬರನ್ನು ಹುಡುಕಿಕೊಳ್ಳಿ.

ಕಣ್ಣು ಬಂದ ಫೋಟೋ ಸೊಲ್ಲಾಪುರದಲ್ಲಿ ನಮ್ಮ ಮನೆಯ ಗೋಡೆಯ ಮೇಲಿದೆ. ನತ್ತು ಬಂದದ್ದು ಅಕ್ಕಲಕೋಟೆಯಲ್ಲಿ, ಅತ್ತೆಯ ತಿಜೋರಿಯಲ್ಲಿ, ನತ್ತಿನ ಡಬ್ಬಿಯ ಕೆಳಗಿದೆ. ಮುತ್ತು ಏಳು.